ಬೀಜದ ಮನೆಯ ಬೀಗ

ಊರಿನ ನಟ್ಟನಡುವೆ ಇದ್ದ ಹಳೆಯ ಉದ್ಯಾನದ ಪೂರ್ವದ ಗೋಡೆಗೆ ಬೆನ್ನು ಕೊಟ್ಟು ಒಂದು ಬೀಗ ರಿಪೇರಿ ಅಂಗಡಿಯಿತ್ತು. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಲೇಬೇಕು, ಅಷ್ಟೇ ಜಾಗ. ಮೂರೂ ಗೋಡೆಗೆ ಸಾಲಾಗಿ ಮೊಳೆ, ಮೊಳೆಗೆ ಐದಾರರಂತೆ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು, ಮೇಜಿನ ಮೇಲೆ ಅರ, ಇಕ್ಕಳ, ಒಂದು ಕಾಲು ಮುರಿದ ಕನ್ನಡಕ. ಅಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಲೈಸೆನ್ಸಿನ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆ ಬೀದಿಯೇ ಅವನನ್ನು ಯಾಕಪ್ಪ ಎಂದು ಕರೆಯುತ್ತಿತ್ತು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಉದುರುತ್ತಿದ್ದದ್ದು ಅದೇ ಮಾತು. ಇನ್ನೊಂದು ಕೀ ಮಾಡಿಕೊಡಿ ಅಂದರೆ, "ಯಾಕಪ್ಪ, ಇರೋದಕ್ಕೇನಾಗಿದೆ?" ಬೀಗ ಬಿಗಿಯಾಗಿದೆ ಅಂದರೆ, "ಯಾಕಪ್ಪ, ಮೊನ್ನೆವರೆಗೆ ಸಡಿಲ ಇತ್ತಾ?" ಕೆಲಸ ಚೊಕ್ಕ, ಆದ್ದರಿಂದ ಜನ ಸಹಿಸಿಕೊಂಡಿದ್ದರು.

ಹುಟ್ಟುತ್ತಲೇ ಹೀಗಿದ್ದವನಲ್ಲ. ಅಪ್ಪನ ಕೈಕೆಳಗೆ ಕೆಲಸ ಕಲಿತು ಇಪ್ಪತ್ತಮೂರನೇ ವಯಸ್ಸಿಗೆ ಅಂಗಡಿಯಲ್ಲಿ ಒಬ್ಬನೇ ಕೂತ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರು ಓಡಿಬಂದಿದ್ದರು. ಹೆಂಗಸಿನ ಕೈಯಲ್ಲಿ ಹಣ್ಣು ತರಕಾರಿಯ ಚೀಲ. "ಕೀ ಒಳಗೇ ಉಳಿದುಹೋಯ್ತು ತಮ್ಮ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದು ಅವಳು ಕಣ್ಣೀರಿಡುವುದೊಂದು ಬಾಕಿ. ಇವನು ಎದ್ದೆನೋ ಬಿದ್ದೆನೋ ಎಂದು ಓಡಿ ಎರಡೇ ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟ. ಅವಳು ಚೀಲದಿಂದ ಒಂದು ಸೇಬು ತೆಗೆದು ಕೈಗಿಟ್ಟಳು. ನಾಲ್ಕು ದಿನದ ಮೇಲೆ ಆ ಮನೆಯ ನಿಜವಾದ ಯಜಮಾನರು ಪ್ರವಾಸದಿಂದ ಮರಳಿದಾಗ ಮನೆ ಬರಿದಾಗಿತ್ತು. ಒಲೆಯ ಮೇಲೆ ಹಾಲೂ ಇರಲಿಲ್ಲ, ಒಲೆಯೂ ಇರಲಿಲ್ಲ. ಪೊಲೀಸರಿಗೆ ಕೈಗೆ ಸಿಕ್ಕಿದವನು ಇವನೊಬ್ಬನೇ. ಹನ್ನೊಂದು ದಿನ ಠಾಣೆಯ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಆ ಗಂಡ ಹೆಂಡತಿ ಬೇರೆ ಯಾವುದೋ ಊರಿನಲ್ಲಿ ಸಿಕ್ಕಿಬಿದ್ದ ಮೇಲೆ, "ಹೋಗು" ಅಂದರು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. "ಅವತ್ತು ತಿಂದ ಸೇಬು ಇನ್ನೂ ಗಂಟಲು ಇಳಿದಿಲ್ಲ" ಎಂದು ಅವನು ಅರವತ್ತರ ಹತ್ತಿರ ಬಂದ ಮೇಲೂ ಹೇಳುತ್ತಿದ್ದ.

ಅಲ್ಲಿಂದಾಚೆಗೆ ಅವನು ಮೈಯೆಲ್ಲ ಕಣ್ಣಾಗಿ ಬದುಕಿದ. ಬಾಗಿಲು ತೆಗೆಯಬೇಕಾದರೆ ಮನೆಯವರ ಸಹಿ ಬೇಕು, ಅಕ್ಕಪಕ್ಕದ ಇಬ್ಬರು ನಿಂತಿರಬೇಕು, ತೆಗೆದದ್ದನ್ನು ತಾನೇ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ತನ್ನ ಮನೆಗೆ ಮೂರು ಬೀಗ. ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ, ಒಮ್ಮೆ ಜಗ್ಗಿ ನೋಡದೆ ಹೊರಟವನಲ್ಲ. ಮಗಳ ಮದುವೆಯಾಗಿ ಆರು ವರ್ಷವಾಗಿದ್ದರೂ ಅಳಿಯ ಬಂದಾಗಲೆಲ್ಲ, "ನೀವು ಓದಿದ್ದು ಯಾವ ಶಾಲೆ ಅಂದ್ರಿ?" ಎಂದು ಮಾತಿನ ನಡುವೆ ನುಸುಳಿಸಿ ಕೇಳಿ, ಹಿಂದಿನ ಸಲದ ಉತ್ತರದ ಜೊತೆ ತಾಳೆ ನೋಡುತ್ತಿದ್ದ. ಅಳಿಯ ಒಳ್ಳೆಯ ಹುಡುಗ, ಪ್ರತಿ ಸಲವೂ ಅದೇ ಶಾಲೆಯ ಹೆಸರು ಹೇಳುತ್ತಿದ್ದ. "ಬಾಯಿಪಾಠ ಮಾಡಿಕೊಂಡಿದ್ದಾನೆ" ಎಂದು ಯಾಕಪ್ಪ ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ. ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು. ಯಂತ್ರ ನಿಲ್ಲಿಸದೆ, "ಹೂಂ" ಅನ್ನುತ್ತಿದ್ದಳು.

ಇಂಥವನು ಮೂವತ್ತೈದು ವರ್ಷ ಉದ್ಯಾನದ ಗೋಡೆಗೆ ಒರಗಿ ಕೂತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಅದು ಇನ್ನೂರು ವರ್ಷದ ಉದ್ಯಾನ. ಎಲ್ಲೆಲ್ಲಿಂದಲೋ ಜನ ನೋಡಲು ಬರುತ್ತಿದ್ದರು. ಹೆಂಡತಿ ಭಾನುವಾರ ತನ್ನ ಅಕ್ಕನ ಜೊತೆ ಹೋಗಿ ಕೊಳದ ಹತ್ತಿರ ಕೂತು ಬರುತ್ತಿದ್ದಳು. ಇವನನ್ನು ಕರೆದರೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಿದ್ದ: "ಅಂಗಡಿಗೆ ಬರೋನಿಗೆ ಒಂದು ಕಾರಣ ಇರುತ್ತೆ. ಆಸ್ಪತ್ರೆಗೆ ಹೋಗೋನಿಗೂ ಇರುತ್ತೆ. ಬೆಂಚಿನ ಮೇಲೆ ಎರಡೆರಡು ಗಂಟೆ ಸುಮ್ಮನೆ ಕೂರ್ತಾರಲ್ಲ, ಅವರಿಗೇನು ಕಾರಣ? ನಂಗೆ ಅಂಥವರ ನಡುವೆ ಕೂರೋಕಾಗಲ್ಲ."

ಒಂದು ಸೋಮವಾರ ಬೆಳಿಗ್ಗೆ ಉದ್ಯಾನದ ಮೇಲ್ವಿಚಾರಕರು ತಾವೇ ಅಂಗಡಿಗೆ ಬಂದರು. ಇಸ್ತ್ರಿ ಮಡಿಕೆ ಕೆಡದ ಅಂಗಿ, ಮೆತ್ತನೆಯ ಮಾತು. ಮೆತ್ತನೆಯ ಮಾತು ಕೇಳಿದೊಡನೆ ಯಾಕಪ್ಪನ ಕಿವಿ ನೆಟ್ಟಗಾಯಿತು.

"ನಮ್ಮಲ್ಲಿ ಬೀಜದ ಮನೆ ಅಂತ ಒಂದು ಕಟ್ಟಡ ಇದೆ" ಅಂದರು ಮೇಲ್ವಿಚಾರಕರು. "ಹಿಂದಿನ ಕಾಲದವರು ಉದ್ಯಾನದ ಒಂದೊಂದು ಗಿಡದ ಬೀಜವನ್ನೂ ಅಲ್ಲಿ ಇಡ್ತಿದ್ರು. ಇಪ್ಪತ್ತೆರಡು ವರ್ಷದಿಂದ ಬೀಗ ಹಾಕಿದೆ. ಕೀ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಉದ್ಯಾನಕ್ಕೆ ಇನ್ನೂರು ವರ್ಷ ತುಂಬ್ತಾ ಇದೆ, ಜನಕ್ಕೆ ತೆರೆದು ತೋರಿಸಬೇಕು ಅಂತಿದ್ದೀವಿ. ಬೀಗ ಒಡೆಯೋ ಹಾಗಿಲ್ಲ, ಅದೂ ಹಳೇದು. ನೀವೇ ಬಂದು ತೆಗೆದುಕೊಡಬೇಕು."

"ಯಾಕಪ್ಪ, ನಾನೇ ಯಾಕೆ?"

"ನೀವು ಗೋಡೆ ಪಕ್ಕದಲ್ಲೇ ಇದ್ದೀರಲ್ಲ."

ಇದೂ ಒಂದು ಉತ್ತರವೇ ಅನ್ನಿಸಿತು ಅವನಿಗೆ. ಕಚೇರಿಯ ಮುದ್ರೆ ಒತ್ತಿದ ಪತ್ರ ಬೇಕು, ತೆಗೆಯುವಾಗ ಇಬ್ಬರು ಸಾಕ್ಷಿ ನಿಂತಿರಬೇಕು ಎಂದ. ಮೇಲ್ವಿಚಾರಕರು ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿಕೊಂಡದ್ದು ಅವನಿಗೆ ಸರಿಬರಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಉಪಕರಣದ ಚೀಲ ಹೆಗಲಿಗೇರಿಸಿ, ಹುಟ್ಟಿದ ಊರಿನ ಉದ್ಯಾನಕ್ಕೆ ಯಾಕಪ್ಪ ಮೊದಲ ಸಲ ಕಾಲಿಟ್ಟ. ಎತ್ತರದ ಕಬ್ಬಿಣದ ಗೇಟು, ಜಲ್ಲಿ ಹಾಸಿದ ದಾರಿ, ಎರಡೂ ಕಡೆ ಇಬ್ಬರು ತಬ್ಬಿದರೂ ಕೈಗೆ ಕೈ ಎಟುಕದಂಥ ಮರಗಳು. ಅವನ ಕಣ್ಣು ಮರದ ಮೇಲೆ ನಿಲ್ಲಲಿಲ್ಲ, ಮನುಷ್ಯರ ಮೇಲೆ ನಿಂತಿತು. ಕಾರಂಜಿಯ ಕಟ್ಟೆಯ ಮೇಲೆ ಒಬ್ಬ ಪೇಪರು ಓದುತ್ತಿದ್ದ, ಇವನು ಹತ್ತಿರ ಬಂದು ದಾಟಿ ಹೋಗುವ ತನಕ ಹಾಳೆ ಮಗುಚಲಿಲ್ಲ. ಗಾಜಿನ ಮನೆಯ ಮೆಟ್ಟಿಲ ಮೇಲೆ ಕೂತ ಹೆಂಗಸೊಬ್ಬಳು ದೊಡ್ಡ ಚೀಲವನ್ನು ಕಾಲಿನಡಿಗೆ ಎಳೆದುಕೊಂಡಳು. ಚದುರಂಗ ಹಾಸಿಕೊಂಡಿದ್ದ ಇಬ್ಬರು ಮುದುಕರು ಕಾಯಿ ಮುಟ್ಟದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾಕಪ್ಪ ಚೀಲವನ್ನು ಹೆಗಲಿನಿಂದ ಇಳಿಸಿ ಎದೆಗೆ ಅವುಚಿಕೊಂಡ.

ಬೀಜದ ಮನೆ ಉದ್ಯಾನದ ಹಿಂದಿನ ಮೂಲೆಯಲ್ಲಿತ್ತು. ಎಂಟು ಮೂಲೆಯ ಸಣ್ಣ ಕಲ್ಲಿನ ಕಟ್ಟಡ, ಮೇಲೆ ಸೀಸದ ಹೊದಿಕೆ, ಕಿಟಕಿಗಳು ಸೂರಿನ ಅಡಿಯಲ್ಲಿ ಒಂದೊಂದು ಗೇಣು. ಬಾಗಿಲ ಮುಂದೆ ಮೇಲ್ವಿಚಾರಕರು, ಅವರ ಗುಮಾಸ್ತ, ಮತ್ತು ಕೈಯಲ್ಲಿ ಕಳೆ ಕೀಳುವ ಕುರುಪಿ ಹಿಡಿದಿದ್ದ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. "ಇವರು ನಮ್ಮ ಹಿರಿಯ ತೋಟಗಾರ್ತಿ, ನಿಮ್ಮ ಎರಡನೇ ಸಾಕ್ಷಿ" ಅಂದರು ಮೇಲ್ವಿಚಾರಕರು. ಅವಳು ತಲೆಯಾಡಿಸಿದಳು. ಕುರುಪಿಯ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದಳು.

ಯಾಕಪ್ಪ ಮಂಡಿಯೂರಿ ಬೀಗದ ಕಣ್ಣಿಗೆ ಮೂಗು ತಂದ. ವಾಸನೆ ಗುರುತು ಹತ್ತಿತು. ಮನೆಯಲ್ಲಿ ಹೆಂಡತಿ ಪ್ರತಿ ಶನಿವಾರ ಯಂತ್ರಕ್ಕೆ ಬಿಡುವ ಎಣ್ಣೆ ಅದು. ಚಿಕ್ಕ ಬ್ಯಾಟರಿ ಹಾಕಿ ನೋಡಿದ. ಕಣ್ಣಿನ ಒಳಗಂಚು ಹೊಸ ಹಿತ್ತಾಳೆಯ ಹಾಗೆ ಹೊಳೆಯಿತು, ಕಳ್ಳಕೀಲಿ ಆಡಿಸಿದ ಗೀರು ಒಂದೂ ಇರಲಿಲ್ಲ. ಬಾಗಿಲಿನ ಕೀಲುಗಳಲ್ಲೂ ಎಣ್ಣೆಯ ತೇವ. ಕಟ್ಟಡದ ಸುತ್ತ ತರಗೆಲೆ ಪಾದ ಮುಳುಗುವಷ್ಟಿತ್ತು. ಹೊಸ್ತಿಲ ಮುಂದೆ ಮಾತ್ರ ಒಂದು ಎಲೆಯೂ ಇರಲಿಲ್ಲ.

ಅವನು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಇಪ್ಪತ್ತೆರಡು ವರ್ಷ ಮುಚ್ಚಿದ ಬಾಗಿಲಂತೆ. ವಾರದ ಹಿಂದೆ ಯಾರೋ ಕೀಲಿಕೈ ಹಾಕಿ ತಿರುಗಿಸಿದ್ದಾರೆ. ಇವತ್ತು ತಾನು ತೆಗೆಯುತ್ತೇನೆ. ನಾಳೆ ಒಳಗಿನದೇನೋ ಇಲ್ಲ ಅನ್ನುತ್ತಾರೆ. ತೆಗೆದವನು ಯಾರು? ಬೀಗದವನು. ಕಣ್ಣ ಮುಂದೆ ಠಾಣೆಯ ಹಿಂದಿನ ಕೋಣೆ ಬಂದು ನಿಂತಿತು.

"ಕೊನೇ ಸಲ ಯಾವಾಗ ತೆಗೆದಿದ್ರಿ?" ಎಂದು ತಲೆಯೆತ್ತದೆ ಕೇಳಿದ.

"ಹೇಳಿದ್ನಲ್ಲ, ಇಪ್ಪತ್ತೆರಡು ವರ್ಷ. ನಾನು ಬರೋಕೂ ಮುಂಚೆ."

"ಯಾರೂ ತೆಗೆದಿಲ್ಲ?"

"ಕೀ ಇಲ್ಲದೆ ಯಾರು ತೆಗೀತಾರೆ?" ಮೇಲ್ವಿಚಾರಕರು ನಕ್ಕರು. ಗುಮಾಸ್ತನೂ ನಕ್ಕ. ತೋಟಗಾರ್ತಿ ನಗಲಿಲ್ಲ. ಆದರೆ ಯಾಕಪ್ಪ ನೋಡುತ್ತಿದ್ದದ್ದು ನಕ್ಕವರನ್ನು.

ಅರ್ಧ ಗಂಟೆ ಹಿಡಿಯಿತು. ಒಳಗಿನ ನಾಲಗೆಗಳು ಒಂದೊಂದಾಗಿ ಎದ್ದು, ಬೀಗ ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ತಿರುಗಿತು. ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗೆ ಎಂಟೂ ಗೋಡೆಗೆ ನೆಲದಿಂದ ಸೂರಿನ ತನಕ ಮರದ ಸಣ್ಣ ಸಣ್ಣ ಖಾನೆಗಳು, ಒಂದೊಂದಕ್ಕೂ ಹಿತ್ತಾಳೆಯ ಅಂಕಿ. ಮೇಲಿನ ಸಾಲುಗಳ ಮೇಲೆ ದೂಳು ಕಂಬಳಿ ಹೊದೆಸಿದ ಹಾಗಿತ್ತು. ಕೈಗೆಟುಕುವ ಸಾಲುಗಳು ಒರೆಸಿದಂತೆ ಸ್ವಚ್ಛ. ಮೇಲ್ವಿಚಾರಕರು ಖಾನೆಗಳನ್ನು ಎಳೆದೆಳೆದು ನೋಡತೊಡಗಿದರು. ಹೆಚ್ಚಿನವುಗಳಲ್ಲಿ ಕಾಗದದ ಪೊಟ್ಟಣ ಇತ್ತು, ಹನ್ನೊಂದರಲ್ಲಿ ಏನೂ ಇರಲಿಲ್ಲ. ಯಾಕಪ್ಪ ತನ್ನ ಪುಸ್ತಕ ತೆಗೆದು ಆ ಹನ್ನೊಂದರ ಅಂಕಿಗಳನ್ನು ಬರೆದುಕೊಂಡ. ತಾನು ಮುಟ್ಟಿಲ್ಲ, ತೆಗೆದ ಹೊತ್ತಿಗೇ ಖಾಲಿ ಇತ್ತು ಅನ್ನುವುದಕ್ಕೆ ತನ್ನ ಹತ್ತಿರ ಒಂದು ಆಧಾರ ಇರಲಿ ಅಂತ.

ಗುಮಾಸ್ತ ಒಂದು ಕಾಗದ ಮುಂದಿಟ್ಟ. ‘ಇಪ್ಪತ್ತೆರಡು ವರ್ಷಗಳಿಂದ ಯಾರೂ ತೆರೆಯದಿದ್ದ ಬೀಗವನ್ನು ಇಂದು ನಾನು ತೆರೆದಿರುತ್ತೇನೆ’ ಎಂದು ಬೆರಳಚ್ಚಾಗಿತ್ತು. ಕೆಳಗೆ ಸಹಿಗೆ ಜಾಗ.

"ಇದಕ್ಕೆ ನಾನು ಸಹಿ ಹಾಕಲ್ಲ" ಎಂದ ಯಾಕಪ್ಪ.

"ಪೇಪರಿನವರಿಗೆ ಕೊಡೋಕೆ ಅಷ್ಟೆ" ಅಂದರು ಮೇಲ್ವಿಚಾರಕರು.

ಯಾಕಪ್ಪ ಬೆರಳಚ್ಚಿನ ಸಾಲನ್ನು ಹೊಡೆದುಹಾಕಿ ತನ್ನ ಗುಂಡನೆಯ ಅಕ್ಷರದಲ್ಲಿ ಬರೆದ: ‘ಈ ಬೀಗವನ್ನು ಇದರದೇ ಕೀಲಿಕೈಯಿಂದ ಕಳೆದ ಒಂದು ವಾರದೊಳಗೆ ತೆರೆಯಲಾಗಿದೆ. ಹೊಲಿಗೆ ಯಂತ್ರದ ಎಣ್ಣೆ ಬಿಡಲಾಗಿದೆ. ನಾನು ತೆರೆಯುವಾಗ ಹನ್ನೊಂದು ಖಾನೆಗಳು ಖಾಲಿ ಇದ್ದವು.’ ಸಹಿ ಹಾಕಿ, ದಿನಾಂಕ ಬರೆದು, ಗಂಟೆಯನ್ನೂ ಬರೆದ. ಮೇಲ್ವಿಚಾರಕರು ಓದಿದರು. ಮುಖದ ಬಣ್ಣ ಇಳಿಯಿತು. ಸಿಕ್ಕಿಬಿದ್ದ, ಎಂದುಕೊಂಡ ಯಾಕಪ್ಪ. ಚೀಲ ಎತ್ತಿಕೊಂಡು ಹೊರಟ. ಆ ದಿನವೆಲ್ಲ ಅವನಿಗೆ ಇಪ್ಪತ್ತಮೂರರ ಹುಡುಗನ ಲೆಕ್ಕ ತೀರಿಸಿದಷ್ಟು ಹಗುರ. ರಾತ್ರಿ ಹೆಂಡತಿಗೆ ಎಣ್ಣೆಯ ವಾಸನೆ, ಒರೆಸಿದ ಖಾನೆ ಎಲ್ಲವನ್ನೂ ಹೇಳಿದ.

ಎರಡು ವಾರ ಕಳೆದ ಮೇಲೆ ಭಾನುವಾರ ಸಂಜೆ ಹೆಂಡತಿ ಉದ್ಯಾನದಿಂದ ಬೇಗ ಮರಳಿದಳು. ಚಪ್ಪಲಿ ಬಿಡುತ್ತಲೇ, "ಗುಲಾಬಿ ನೋಡ್ಕೊಳ್ತಿದ್ದ ಅಮ್ಮನ್ನ ಕೆಲಸದಿಂದ ನಿಲ್ಲಿಸಿದ್ದಾರಂತೆ" ಎಂದಳು. "ಮೂವತ್ತು ವರ್ಷ ದುಡಿದವರು. ಬೀಜ ಕದ್ದು ಮಾರಿದಾರೆ ಅಂತ ಆರೋಪ. ಅವರ ಮನೇಲಿ ಹಳೇ ಕೀ ಸಿಕ್ತಂತೆ. ಯಾರೋ ಬೀಗದವನು ಬರೆದುಕೊಟ್ಟದ್ದರಿಂದ ಹೊರಬಿತ್ತಂತೆ."

ಯಾಕಪ್ಪನಿಗೆ ನೆನಪಾಯಿತು. ಸಾಕ್ಷಿಯಾಗಿ ನಿಂತಿದ್ದ ಹೆಂಗಸು. ಕುರುಪಿ ತಿಕ್ಕುತ್ತಿದ್ದ ಹೆಬ್ಬೆರಳು.

"ನಾನು ಕಂಡದ್ದನ್ನೇ ಬರೆದೆ" ಎಂದ.

"ಸುಳ್ಳು ಬರೆದ್ರಿ ಅಂತ ನಾನು ಅಂದ್ನಾ? ಊರಿಗೆಲ್ಲ ಯಾಕಪ್ಪ ಯಾಕಪ್ಪ ಅಂತ ಕೇಳ್ತೀರಿ. ಕದಿಯೋಕೆ ಬಂದೋಳು ಬೀಗಕ್ಕೆ ಯಾಕೆ ಎಣ್ಣೆ ಬಿಡ್ತಾಳೆ, ಖಾನೆ ಯಾಕೆ ಬಟ್ಟೆಯಿಂದ ಒರೆಸ್ತಾಳೆ, ಅದನ್ನ ಮಾತ್ರ ಕೇಳ್ಲಿಲ್ಲ."

ಅವನು ಊಟಕ್ಕೆ ಕೂತು ಅರ್ಧಕ್ಕೇ ಎದ್ದ. ಸೋಮವಾರ ಎರಡು ಕೀಲಿಕೈಗೆ ತಪ್ಪು ಹಲ್ಲು ಕೊರೆದ, ಮೂವತ್ತೈದು ವರ್ಷದಲ್ಲಿ ಆಗದ ಕೆಲಸ. ಮಂಗಳವಾರ ಅಂಗಡಿಗೆ ಬೀಗ ಹಾಕಿ, ಗುಮಾಸ್ತನ ಹತ್ತಿರ ವಿಳಾಸ ಕೇಳಿಕೊಂಡು ಹೊರಟ.

ತೋಟಗಾರ್ತಿ ಇದ್ದದ್ದು ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಮೆಟ್ಟಿಲ ತುಂಬ ಸೋಪಿನ ಹಬೆ. ಬಾಗಿಲು ತಟ್ಟಿದ. ಸರಪಳಿ ಬಿಚ್ಚದೆ ನಾಲ್ಕು ಬೆರಳಿನಷ್ಟು ತೆರೆದು ಅವಳು ನೋಡಿದಳು.

"ನೀವಾ? ಈಗೇನು ತೆಗೆಯೋಕೆ ಬಂದ್ರಿ?"

"ಮಾತಾಡೋಕೆ."

"ಅಲ್ಲೇ ನಿಂತು ಮಾತಾಡಿ."

ಮೆಟ್ಟಿಲ ಮೇಲೆ ನಿಂತೇ ಮಾತಾಯಿತು. ಎಣ್ಣೆ ಯಾಕೆ ಬಿಟ್ಟಿರಿ ಎಂದು ಕೇಳಿದ. ಬಿಡದಿದ್ದರೆ ಬೀಗ ಹಿಡಿದುಕೊಳ್ಳುವುದಿಲ್ಲವೇ, ನೀವೇ ಬೀಗದವರು, ಅಂದಳು. ಇಪ್ಪತ್ತೆರಡು ವರ್ಷದ ಹಿಂದೆ ಇದ್ದ ಮೇಲ್ವಿಚಾರಕರು ನಿವೃತ್ತರಾಗುವ ದಿನ ಕೀಲಿಕೈಯನ್ನು ಅವಳ ಕೈಗಿಟ್ಟು, ಬೀಜ ಸಾಯದ ಹಾಗೆ ನೋಡಿಕೋ ಎಂದಿದ್ದರು. ಆಮೇಲೆ ಬಂದವರು ಆ ಕಟ್ಟಡದ ಕಡೆ ತಲೆ ಹಾಕಲಿಲ್ಲ, ಬೀಗ ಹಾಕಿದೆ ಎಂದು ಕಡತದಲ್ಲಿ ಬರೆದು ಸುಮ್ಮನಾದರು. ಕೇಳದವರಿಗೆ ಇವಳೂ ಹೇಳಲಿಲ್ಲ.

"ಬೀಜ ಅಂದ್ರೆ ಚಿನ್ನ ಅಲ್ಲ, ಪೆಟ್ಟಿಗೇಲಿಟ್ಟು ಮರೆಯೋಕೆ" ಅಂದಳು. "ಕೆಲವು ಮೂರು ವರ್ಷ ಬದುಕ್ತವೆ, ಕೆಲವು ಐದು. ಅಷ್ಟರೊಳಗೆ ಬಿತ್ತಬೇಕು, ಬೆಳೀಬೇಕು, ಹೊಸ ಬೀಜ ತೆಗೆದು ಅದೇ ಖಾನೇಲಿ ಇಡಬೇಕು. ಪ್ರತಿ ವರ್ಷ ಹತ್ತೋ ಹನ್ನೆರಡೋ ತೆಗೀತೀನಿ. ಮೇಲಿನ ಸಾಲಿಗೆ ಕೈ ಎಟುಕಲ್ಲ, ಏಣಿ ತಂದ್ರೆ ಕೇಳ್ತಾರೆ. ಅವೆಲ್ಲ ಸತ್ತವು. ಕೆಳಗಿನವು ಬದುಕಿವೆ."

"ಖಾಲಿ ಇದ್ದ ಹನ್ನೊಂದು?"

"ಪಂಪ್ ಮನೆ ಹಿಂದೆ ಇವೆ. ನೆಲದಲ್ಲಿ."

"ಇದನ್ನ ಅವರಿಗೆ ಹೇಳ್ಲಿಲ್ವಾ?"

"ಹೇಳ್ದೆ. ಕೀ ಬಚ್ಚಿಟ್ಟೋಳ ಮಾತು ಯಾರು ನಂಬ್ತಾರೆ? ಯಾವುದೋ ಕಳೆ ತೋರಿಸಿ ಇದೇ ಅಂತಾಳೆ ಅಂದ್ರು."

ಯಾಕಪ್ಪನಿಗೂ ಅದೇ ಅನ್ನಿಸಿತ್ತು. ಮರೆಮಾಚಲಿಲ್ಲ. "ನಾನು ನೋಡ್ಬೇಕು" ಎಂದ. "ತೋರಿಸ್ತೀರಾ?"

ಅವಳು ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು. ಆಮೇಲೆ ಸರಪಳಿ ಬಿಚ್ಚಿ ಹೊರಬಂದು, ಬಾಗಿಲಿಗೆ ಬೀಗ ಹಾಕುವಾಗ ಅವನಿಗೆ ಕಾಣದಂತೆ ಮೈ ಅಡ್ಡ ಇಟ್ಟಳು.

ಕೆಲಸಗಾರ್ತಿಯಾಗಿ ಒಳಗೆ ಬಿಡದಿದ್ದರೂ ಉದ್ಯಾನ ಎಲ್ಲರದು. ಇಬ್ಬರೂ ನೋಡಲು ಬಂದವರ ಹಾಗೆ ದೊಡ್ಡ ಗೇಟಿನಿಂದ ಒಳಗೆ ಹೋದರು. ಗುಲಾಬಿಯ ಪಾತಿಗಳ ಹತ್ತಿರ ಅವಳ ಹೆಜ್ಜೆ ಒಮ್ಮೆ ನಿಧಾನವಾಯಿತು. ಎರಡು ವಾರದಲ್ಲಿ ಕಳೆ ಎದ್ದಿತ್ತು. ಅವಳು ಬಗ್ಗಲಿಲ್ಲ. ಪಂಪ್ ಮನೆಯ ಹಿಂದೆ, ಮುರಿದ ಕುಂಡಗಳನ್ನೂ ಹಳೆಯ ಬೆಂಚಿನ ಹಲಗೆಗಳನ್ನೂ ರಾಶಿ ಹಾಕಿದ್ದ ಕಡೆ, ಯಾರ ಕಣ್ಣಿಗೂ ಬೀಳದ ಒಂದು ಉದ್ದನೆಯ ಪಾತಿಯಿತ್ತು. ಗಿಡಗಳು ಮೊಣಕಾಲೆತ್ತರ, ಕೆಲವು ಹೂ ಬಿಟ್ಟಿದ್ದವು. ಒಂದೊಂದು ಬಗೆಯ ಬುಡದಲ್ಲೂ ಒಂದು ಗೂಟ, ಗೂಟಕ್ಕೆ ಕಬ್ಬಿಣದ ತಂತಿಯಲ್ಲಿ ಕಟ್ಟಿದ ತಗಡಿನ ಚೂರು, ಅದರಲ್ಲಿ ಮೊಳೆಯಿಂದ ಕುಟ್ಟಿದ ಅಂಕಿ.

ಅವನು ಪುಸ್ತಕ ತೆಗೆದ. "ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ" ಎಂದ. ಅವಳು ತಿರುಗಿದಳು. ಅವನು ಬರೆದುಕೊಂಡ ಅಂಕಿಗಳನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ. ಕಚೇರಿಯವರು ತಮ್ಮ ಪಟ್ಟಿ ಮಾಡುವ ಮೊದಲೇ ಅವಳನ್ನು ಕಚೇರಿಗೆ ಕರೆಸಿ, ಅಲ್ಲಿಂದಲೇ ಮನೆಗೆ ಕಳಿಸಿದ್ದರು. ಅವನು ಬಗ್ಗಿ ಒಂದೊಂದೇ ತಗಡನ್ನು ಓದಿ, ಪುಸ್ತಕದಲ್ಲಿ ಗುರುತು ಹಾಕಿದ. ಒಂದು ಸರಿಹೋಯಿತು. ಎರಡು. ಐದು. ಖಾಲಿ ಮಾಡಿದವಳಿಗೆ ಅಂಕಿ ಗೊತ್ತಿದ್ದೇ ಇರುತ್ತದೆ, ಮೊನ್ನೆ ಮೊನ್ನೆ ಕುಟ್ಟಿ ಕಟ್ಟಿರಲೂಬಹುದು ಎಂದು ತಂತಿಯನ್ನು ಉಗುರಿನಿಂದ ಕೆರೆದು ನೋಡಿದ. ತುಕ್ಕು ಅವನಿಗೆ ತಿಳಿಯದ ವಿಷಯವಲ್ಲ. ಎರಡು ವಾರದ ತುಕ್ಕು ಕಿತ್ತಳೆ ಬಣ್ಣದ ಪುಡಿ, ಒರೆಸಿದರೆ ಹೋಗುತ್ತದೆ. ಇದು ಕಂದು, ತಂತಿಯ ಮೈಯನ್ನು ತಿಂದಿತ್ತು. ಮೂರು ತಿಂಗಳಿಗೆ ಕಡಿಮೆಯಿಲ್ಲ. ಬೀಗ ತೆಗೆದ ಮೇಲೆ ತಂದು ನೆಟ್ಟದ್ದಲ್ಲ.

ಹತ್ತು ಅಂಕಿ ಸರಿಹೋದವು. ಹನ್ನೊಂದನೆಯದು ಇರಲಿಲ್ಲ. ಪಾತಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದ.

"ಇನ್ನೂರ ಏಳು ಎಲ್ಲಿ?"

ಅವಳು ತಿರುಗಿದಳು. "ಅದು ಮೊಳೀಲಿಲ್ಲ. ತಡವಾಯ್ತು ನಂದು. ಹೋದ ವರ್ಷವೇ ಬಿತ್ತಬೇಕಿತ್ತು, ಮೊಣಕಾಲು ನೋವಿತ್ತು, ಬಿಟ್ಟೆ. ಗೂಟ ಕಿತ್ತು ಒಲೆಗೆ ಹಾಕಿದೆ."

"ತಗಡು?"

"ಎಲ್ಲೋ ಬಿಸಾಕಿದೆ."

ಅವಳು ಹೇಳಿದ್ದು ನಿಜವೂ ಇರಬಹುದು. ಹತ್ತನ್ನು ಬಿತ್ತಿ ಒಂದನ್ನು ಮಾರಿರಲೂಬಹುದು. ಮಾರುವಂಥದ್ದು ಅದೊಂದೇ ಇದ್ದಿರಲೂಬಹುದು. ಯಾಕಪ್ಪ ಮುರಿದ ಬೆಂಚಿನ ಹಲಗೆಯ ಮೇಲೆ ಕೂತ. ಎದುರು ನಿಂತ ಹೆಂಗಸಿನ ಮುಖವನ್ನು ಬೀಗ ನೋಡುವ ಹಾಗೆ ನೋಡಿದ. ಎಲ್ಲೂ ಗೀರು ಕಾಣಲಿಲ್ಲ. ಒಳಗೇನಿದೆ ಎಂದೂ ಕಾಣಲಿಲ್ಲ. ಅವಳು ಅವನ ಕಡೆ ನೋಡದೆ ಹೂ ಬಿಟ್ಟ ಒಂದು ಗಿಡದ ಬಾಡಿದ ಎಲೆ ಚಿವುಟುತ್ತಿದ್ದಳು.

ತೋಟಗಾರ್ತಿಯ ಮೇಲಿನ ಆರೋಪದ ವಿಚಾರಣೆ ಆ ಶುಕ್ರವಾರ, ಬೀಗದ ವಿಷಯ ಬರೆದುಕೊಟ್ಟವನೆಂದು ಯಾಕಪ್ಪನನ್ನೂ ಕರೆಸಿದ್ದರು. ಉದ್ಯಾನದ ಕಚೇರಿಯ ಉದ್ದನೆಯ ಮೇಜಿನ ಹಿಂದೆ ಉದ್ಯಾನವನ್ನು ನಡೆಸುವ ಸಮಿತಿಯ ಮೂವರು ಕೂತಿದ್ದರು. ನಡುವೆ ದಪ್ಪ ಕನ್ನಡಕದ ಅಧ್ಯಕ್ಷೆ. ಪಕ್ಕದಲ್ಲಿ ಮೇಲ್ವಿಚಾರಕರು, ಇಸ್ತ್ರಿ ಅಂಗಿ ಹಾಗೇ ಇತ್ತು, ಮುಖ ಮಾತ್ರ ಎರಡು ವಾರದಲ್ಲಿ ಸೊರಗಿತ್ತು. ಇಪ್ಪತ್ತೆರಡು ವರ್ಷದ ಬಾಗಿಲು ತೆರೆಯಿತು ಎಂದು ಪೇಪರಿನಲ್ಲಿ ಬರಬೇಕಿತ್ತು, ಮೂಗಿನಡಿ ಕಳ್ಳತನ ಎಂದು ಬಂದಿತ್ತು. ತನ್ನನ್ನು ಸಿಕ್ಕಿಸುವ ಬಲೆಯಂತೂ ಯಾವುದೂ ಇರಲಿಲ್ಲವೆಂದು ಯಾಕಪ್ಪನಿಗೆ ಅಲ್ಲಿ ಕೂತಾಗ ಮನವರಿಕೆಯಾಯಿತು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಪೇಪರಿನಲ್ಲಿ ತನ್ನದೊಂದು ಫೋಟೋ ಮಾತ್ರ. ಆದರೂ ಅವರ ಕಡೆಗೆ ಬೆನ್ನು ಮಾಡಿ ಕೂರಲು ಅವನಿಗೆ ಮನಸ್ಸು ಬರಲಿಲ್ಲ, ಕುರ್ಚಿಯನ್ನು ಓರೆ ಮಾಡಿಕೊಂಡ.

ಅವನು ಹೇಳಬೇಕಾದದ್ದನ್ನು ಹೇಳಿದ. ಪುಸ್ತಕ ತೋರಿಸಿದ. ತುಕ್ಕು ಹಿಡಿದ ತಂತಿಯೊಂದನ್ನು ಕಾಗದದ ಮೇಲಿಟ್ಟು, ಅದರ ಪಕ್ಕ ಹೊಸ ತಂತಿಯಿಟ್ಟು, ಅದರ ಪಕ್ಕ ತಾನೇ ನೀರು ಹಾಕಿ ಮೂರು ದಿನ ಇಟ್ಟ ತಂತಿಯಿಟ್ಟು ವಿವರಿಸಿದ. ಸಮಿತಿಯವರು ಎದ್ದು ಪಂಪ್ ಮನೆಯ ಹಿಂದೆ ಹೋಗಿ ಗಿಡ ನೋಡಿ ಬಂದರು. ಅವರಲ್ಲೊಬ್ಬರು ಸಸ್ಯಗಳನ್ನು ಬಲ್ಲವರು. ಅದರಲ್ಲಿ ಎರಡು ಗಿಡಗಳು ಇನ್ನು ಎಲ್ಲೂ ಉಳಿದಿಲ್ಲ ಎಂದೇ ತಾವು ನಂಬಿದ್ದಾಗಿ ಅವರು ಮೆಲ್ಲಗೆ ಹೇಳಿ ಕೂತುಬಿಟ್ಟರು.

ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡರು. "ಖಾಲಿ ಖಾನೆ ಹನ್ನೊಂದು. ಗಿಡ ಹತ್ತು. ಇನ್ನೊಂದು?"

"ಮೊಳೀಲಿಲ್ಲ" ಎಂದ ಯಾಕಪ್ಪ.

"ಅದನ್ನ ನೀವು ನೋಡಿದ್ದಾ, ಆಕೆ ಹೇಳಿದ್ದಾ?"

"ಆಕೆ ಹೇಳಿದ್ದು."

"ಆಧಾರ ಏನಾದ್ರೂ?"

"ಇಲ್ಲ."

"ನೀವು ನಂಬ್ತೀರಾ?"

ತೋಟಗಾರ್ತಿ ಮೂಲೆಯ ಕುರ್ಚಿಯಲ್ಲಿ ಮಡಿಲ ಮೇಲೆ ಕೈಯಿಟ್ಟು ಕೂತಿದ್ದಳು. ಇವನ ಕಡೆ ನೋಡಲಿಲ್ಲ, ಕಣ್ಣಲ್ಲಿ ಬೇಡಿಕೊಳ್ಳಲೂ ಇಲ್ಲ. ನೋಡಿ ಬೇಡಿಕೊಂಡಿದ್ದರೆ ಅವನು ಬಹುಶಃ ಇಲ್ಲ ಅನ್ನುತ್ತಿದ್ದ.

"ನಂಬ್ತೀನಿ" ಎಂದ.

ಸಮಿತಿ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಾತಾಡಿತು. ಕಳ್ಳತನ ನಡೆದಿಲ್ಲ ಎಂದು ಬರೆಯಿತು. ಯಾರಿಗೂ ಹೇಳದೆ ಕೀಲಿಕೈ ಇಟ್ಟುಕೊಂಡದ್ದಕ್ಕೆ ತೋಟಗಾರ್ತಿಗೆ ಒಂದು ಎಚ್ಚರಿಕೆಯ ಪತ್ರ, ಸೋಮವಾರದಿಂದ ಮತ್ತೆ ಕೆಲಸ, ಬೀಜದ ಮನೆಯ ಜವಾಬ್ದಾರಿಯೂ ಅವಳಿಗೇ, ಜೊತೆಗೆ ಒಂದು ಏಣಿ. ಇಪ್ಪತ್ತೆರಡು ವರ್ಷ ಆ ಬಾಗಿಲ ಹತ್ತಿರ ಯಾರೂ ಹೋಗಿ ನೋಡಲಿಲ್ಲ ಯಾಕೆ ಎಂಬ ಪ್ರಶ್ನೆಯನ್ನು ಮೇಲ್ವಿಚಾರಕರಿಗೆ ಲಿಖಿತವಾಗಿ ಕೇಳಲಾಯಿತು. ಉತ್ತರ ಏನು ಕೊಟ್ಟರೋ, ಆರು ತಿಂಗಳಲ್ಲಿ ಅವರು ಬೇರೆ ಕಚೇರಿಗೆ ಹೋದರು.

ಹೊರಗೆ ಮೆಟ್ಟಿಲ ಮೇಲೆ ಯಾಕಪ್ಪನೂ ತೋಟಗಾರ್ತಿಯೂ ಎದುರಾದರು. ಕೃತಜ್ಞತೆಯ ಮಾತು ಬರಬಹುದೆಂದು ಅವನು ಕಾಯಲಿಲ್ಲ ಎಂದರೆ ಸುಳ್ಳು.

"ನನ್ನ ಮನೆ ಎಲ್ಲ ಕೆದಕಿದ್ರು" ಅಂದಳು ಅವಳು. "ಅಕ್ಕಿ ಡಬ್ಬೀನೂ ಸುರಿದು ನೋಡಿದ್ರು. ನೀವು ಅವತ್ತು ಬರೆಯೋ ಮುಂಚೆ ಒಂದು ಸಲ ನನ್ನ ಕಡೆ ತಿರುಗಿ ಕೇಳಿದ್ರೆ ನಾನು ಹೇಳ್ತಿದ್ದೆ."

"ಹೇಳ್ತಿದ್ರಾ?"

ಅವಳು ಸ್ವಲ್ಪ ಯೋಚಿಸಿದಳು. "ಗೊತ್ತಿಲ್ಲ" ಎಂದು ಮೆಟ್ಟಿಲಿಳಿದು ಹೋದಳು.

ಆ ರಾತ್ರಿಯಲ್ಲ, ಮರುದಿನವೂ ಅಲ್ಲ, ಒಂದು ವಾರದ ಮೇಲೆ ಅವನು ಹೆಂಡತಿಗೆ ಇನ್ನೂರ ಏಳರ ವಿಷಯ ಹೇಳಿದ. ಅವಳು ಯಂತ್ರ ನಿಲ್ಲಿಸಿ ಕೇಳಿದಳು. "ಸುಳ್ಳು ಅಂತ ಅನ್ಸುತ್ತಾ ನಿಮಗೆ?"

"ಬೆಳಿಗ್ಗೆ ನಿಜ ಅನ್ಸುತ್ತೆ. ಮಧ್ಯಾಹ್ನದ ಹೊತ್ತಿಗೆ ಅನುಮಾನ ಬರುತ್ತೆ."

"ಬರಲಿ ಬಿಡಿ. ನಂಗೂ ನಿಮ್ಮ ಮೇಲೆ ಹಾಗೇ" ಎಂದು ಅವಳು ಮತ್ತೆ ಯಂತ್ರ ತುಳಿದಳು.

ಇನ್ನೂರು ವರ್ಷದ ಸಮಾರಂಭದ ವಾರ ಬೀಜದ ಮನೆಯನ್ನು ಜನರಿಗೆ ತೆರೆದರು. ಹೆಂಡತಿಯೂ ಅವಳ ಅಕ್ಕನೂ ಎಳೆದುಕೊಂಡು ಹೋದದ್ದರಿಂದ ಯಾಕಪ್ಪ ಮೂವತ್ತು ನಲವತ್ತು ಜನರ ಸಾಲಿನಲ್ಲಿ ನಿಂತ. ಮುಂದಿನವನ ಕೈಚೀಲದ ಮೇಲೂ, ಹಿಂದಿನವನ ಉಸಿರಿನ ಮೇಲೂ ಒಂದು ಕಣ್ಣಿಟ್ಟೇ ಇದ್ದ. ಒಳಗೆ ಎಂಟೆಂಟು ಜನರನ್ನು ಬಿಡುತ್ತಿದ್ದರು. ತೋಟಗಾರ್ತಿ ಒಗೆದ ಸೀರೆಯುಟ್ಟು ಖಾನೆಗಳ ನಡುವೆ ನಿಂತು ಯಾವ ಬೀಜ ಎಷ್ಟು ವರ್ಷ ಬದುಕುತ್ತದೆ, ಯಾವುದನ್ನು ನೆನೆಸಿ ಬಿತ್ತಬೇಕು, ಯಾವುದನ್ನು ಉಗುರಿನಿಂದ ಗೀರಿ ಬಿತ್ತಬೇಕು ಎಂದು ಹೇಳುತ್ತಿದ್ದಳು. ಕಾಲು ಗಂಟೆ ಮಾತಾಡಿದಳು, ಒಮ್ಮೆಯೂ ಅವನ ಕಡೆ ನೋಡಲಿಲ್ಲ. ಮೇಲಿನ ಸಾಲುಗಳ ದೂಳು ಒರೆಸಿತ್ತು. ಕೆಲವು ಖಾನೆಗಳು ಅರ್ಧ ತೆರೆದು ಖಾಲಿ ಕಾಣುತ್ತಿದ್ದವು. ಅವನ ಕಣ್ಣು ತಾನಾಗಿಯೇ ಅಂಕಿ ಹುಡುಕಲು ಹೊರಟಿತು. ಹೆಂಡತಿ ಮೊಣಕೈಯಿಂದ ತಿವಿದಳು.

ಹೊರಡುವಾಗ ಬಾಗಿಲ ಹತ್ತಿರ ತೋಟಗಾರ್ತಿ ಅವನನ್ನು ತಡೆದಳು.

"ಕೆಳಗಿನ ಕೀಲು ಸ್ವಲ್ಪ ಇಳಿದಿದೆ, ಬಾಗಿಲು ನೆಲ ತಾಗ್ತಿದೆ. ಮಂಗಳವಾರ ಬನ್ನಿ."

"ಎಷ್ಟು ಹೊತ್ತಿಗೆ?"

"ನಾನಿರುವಾಗ" ಎಂದಳು.

ಮಂಗಳವಾರ ಅವನು ಹೋದ. ಅವನು ಕೀಲು ಬಿಚ್ಚಿ, ಅರದಿಂದ ತಿಕ್ಕಿ, ಮತ್ತೆ ಕೂರಿಸುವ ತನಕ ಅವಳು ಕುರುಪಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಅವನ ಕೈಯಿಂದ ಕಣ್ಣು ತೆಗೆಯದೆ. ಕೆಲಸ ಮುಗಿದ ಮೇಲೆ ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು. ಇಬ್ಬರೂ ಹೊಸ್ತಿಲ ಆಚೀಚೆ ಕೂತು ಕುಡಿದರು. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು, ಅವನು ಹೇಳಲಿಲ್ಲ.